ಗಿರಣಿ ಓಣಿಯ ಏಳನೆಯ ಕೈ

ಚಂಪಾ ಈ ಊರಿಗೆ ಬಂದ ಆರನೆಯ ದಿನ ದುಂಡವ್ವ ಅವಳ ಕೈ ಹಿಡಿದಳು. ನನ್ನ ಕೈ ಹಿಡಿಯಲು ಅದೇ ದುಂಡವ್ವನಿಗೆ ಏಳು ವರ್ಷ ಎರಡು ತಿಂಗಳು ಬೇಕಾಗಿದ್ದವು. ಎರಡೂ ತಾರೀಖುಗಳು ನನ್ನ ಡೈರಿಯಲ್ಲಿವೆ. ಹೊಟ್ಟೆಕಿಚ್ಚಿನ ಮಾತು ಹೇಳುವಾಗಲೂ ಅಂಕಿ ಅಂಶ ಸರಿ ಇರಬೇಕು ಎಂಬುದು ನನ್ನ ನಂಬಿಕೆ.

ಈ ಊರಿನಲ್ಲಿ ದಿನವೂ ಸಂಜೆ ನಾಲ್ಕೂ ಹತ್ತರ ಸುಮಾರಿಗೆ ಮನುಷ್ಯರು ಹಗುರಾಗುತ್ತಾರೆ. ಅದನ್ನು ಇಲ್ಲಿಯವರು ಹಗುರ ಹೊತ್ತು ಎನ್ನುತ್ತಾರೆ. ನಾನು ಗಡಿಯಾರ ಹಿಡಿದು ನೋಡಿದಂತೆ ಅದು ಇಪ್ಪತ್ತಾರು ನಿಮಿಷಕ್ಕಿಂತ ಕಡಿಮೆ ಇದ್ದದ್ದಿಲ್ಲ, ನಲವತ್ತೊಂದು ದಾಟಿದ್ದಿಲ್ಲ. ಇನ್ನೊಬ್ಬರ ಕೈ ಹಿಡಿದವರು ನೆಲದ ಮೇಲೆ ನಿಂತಿರುತ್ತಾರೆ. ಯಾರ ಕೈಯನ್ನೂ ಹಿಡಿಯದವರು ಮೇಲೇಳುತ್ತಾರೆ. ಅಂಥವರಿಗಾಗಿ ಬಸ್ ನಿಲ್ದಾಣ, ಬ್ಯಾಂಕು, ಶಾಲೆ ಎಲ್ಲ ಕಡೆ ಗೋಡೆಗೆ ಕಬ್ಬಿಣದ ಬಳೆ ಹೊಡೆದಿದ್ದಾರೆ. ಬಳೆ ಹಿಡಿದವರು ಹಾರಿಹೋಗುವುದಿಲ್ಲ. ಆದರೆ ಕಾಲು ನೆಲ ಬಿಟ್ಟು ಮೇಲಾಗುತ್ತದೆ, ಹೊತ್ತು ಮುಗಿಯುವವರೆಗೆ ತಲೆಕೆಳಗಾಗಿ ತೇಲುತ್ತಿರಬೇಕು. ಮೂರೂ ಮುಕ್ಕಾಲಿಗೆ ಬಸ್ಸುಗಳು ಇದ್ದಲ್ಲೇ ನಿಲ್ಲುತ್ತವೆ. ಮಿರ್ಚಿ ಕರಿಯುವವರು ಒಲೆ ಆರಿಸುತ್ತಾರೆ. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡದ ಗಿರಾಕಿ ಸೋಪಿನ ನೊರೆ ಸಮೇತ ಎದ್ದು ಕ್ಷೌರಿಕನ ಕೈ ಹಿಡಿಯುತ್ತಾನೆ. ಗಂಡ ಹೆಂಡಿರು ಬೆಳಗಿನ ಜಗಳವನ್ನು ಮೂರೂವರೆಯೊಳಗೆ ಮುಗಿಸಿಕೊಳ್ಳುತ್ತಾರೆ. ಮುಗಿಯದಿದ್ದರೆ ಕಿರುಬೆರಳಷ್ಟನ್ನೇ ಕೊಟ್ಟು ಮುಖ ಆ ಕಡೆ ತಿರುಗಿಸಿ ನಿಲ್ಲುತ್ತಾರೆ.

ನಾನು ಒಂಬತ್ತು ವರ್ಷದ ಹಿಂದೆ ಇಲ್ಲಿನ ದಿನಪತ್ರಿಕೆಗೆ ಕರಡು ತಿದ್ದಲು ಬಂದೆ. ಆಮೇಲೆ ಕ್ರೀಡಾಸುದ್ದಿಯೂ ನನಗೇ ಬಂತು. ಹಗುರ ಹೊತ್ತಿನಲ್ಲಿ ಸಂಪಾದಕರ ಕೈ ಹಿಡಿಯಲು ಅವರ ಹೆಂಡತಿ ಚಹಾದ ನೆಪದಲ್ಲಿ ಬರುತ್ತಿದ್ದರು. ಪುಟ ಕಟ್ಟುವ ಇಬ್ಬರು ಒಬ್ಬರನ್ನೊಬ್ಬರು ಹಿಡಿಯುತ್ತಿದ್ದರು. ನನಗೆ ಕಿಟಕಿಯ ಪಕ್ಕದ ಬಳೆ ಇತ್ತು. ಮೊದಲ ವಾರದಲ್ಲೇ ಸೀರೆ ಬಿಟ್ಟು ಚೂಡಿದಾರಕ್ಕೆ ಬಂದೆ. ಒಂದು ಕೈಯಲ್ಲಿ ಬಳೆ, ಇನ್ನೊಂದರಲ್ಲಿ ಕರಡು ಹಿಡಿದು ತಲೆಕೆಳಗಾಗಿ ತಪ್ಪು ಹುಡುಕುವುದನ್ನು ಕಲಿತೆ. ನನ್ನ ಹೆಸರು ಸುಲೋಚನಾ. ಊರಿನವರಿಗೆ ಪೇಪರ್ ಅಕ್ಕಾರು. ಎಲ್ಲರೂ ನನಗೆ ಮರ್ಯಾದೆ ಕೊಡುತ್ತಿದ್ದರು. ಕೈ ಮಾತ್ರ ಯಾರೂ ಕೊಡುತ್ತಿರಲಿಲ್ಲ.

ಈ ಊರಿನ ಕಬಡ್ಡಿ ಹಗುರ ಹೊತ್ತಿನಲ್ಲೇ ನಡೆಯುತ್ತದೆ. ಏಳು ಜನ ಕೈ ಕೈ ಹಿಡಿದು ಸರಪಳಿಯಾಗಿ ನಿಲ್ಲುತ್ತಾರೆ. ದಾಳಿಗೆ ಹೊರಟವಳು ಸರಪಳಿ ಬಿಟ್ಟು ಒಬ್ಬಳೇ ಗೆರೆ ದಾಟುತ್ತಾಳೆ. ಕಬಡ್ಡಿ ಕಬಡ್ಡಿ ಎಂದು ಉಸಿರು ಹಿಡಿದಿರುವವರೆಗೆ ಅವಳ ಕಾಲು ನೆಲದ ಮೇಲಿರುತ್ತದೆ. ಉಸಿರು ತುಂಡಾದರೆ ಏಳುತ್ತಾಳೆ, ಅವಳ ಕಡೆಯವರೇ ಓಡಿಬಂದು ಕಣಕಾಲು ಹಿಡಿದು ಇಳಿಸಿಕೊಳ್ಳಬೇಕು, ನೋಡುವವರು ಕೇಕೆ ಹಾಕುತ್ತಾರೆ. ಎದುರಾಳಿಗಳು ಹಿಡಿದರೆ ಆ ಕ್ಷಣ ಅವಳು ಭಾರವಾಗಿ ಬೀಳುತ್ತಾಳೆ. ಹಗುರ ಹೊತ್ತು ಮುಗಿದಾಗ ಆಟವೂ ಮುಗಿಯುತ್ತದೆ.

ಎರಡು ವರ್ಷದ ಹಿಂದೆ ಗಿರಣಿ ಓಣಿಯ ಹೆಂಗಸರ ತಂಡದ ಬಗ್ಗೆ ಬರೆಯಲು ಅವರ ಮೈದಾನಕ್ಕೆ ಹೋಗಿದ್ದೆ. ನಾಯಕಿ ದುಂಡವ್ವ, ನಲವತ್ತೊಂದು ವರ್ಷ, ಹಿಟ್ಟಿನ ಗಿರಣಿ ನಡೆಸುವವಳು. ಆ ದಿನ ಕಾಶವ್ವ ಎಂಬ ಹಿರಿಯ ಆಟಗಾರ್ತಿಯ ಪಾದ ಹೊರಳಿ ಸರಪಳಿಯಲ್ಲಿ ಒಂದು ಕೈ ಕಡಿಮೆಯಾಯಿತು. ಗಡಿಯಾರದಲ್ಲಿ ನಾಲ್ಕೂ ಎಂಟು. ನಾನು ಗೋಡೆಯ ಬಳೆಯ ಕಡೆ ಹೊರಟಿದ್ದೆ.

"ಪೇಪರ್ ಅಕ್ಕಾರ, ಎಲ್ಲಿಗಿ ಹೊಂಟ್ರಿ? ಬರ್ರಿ ಇಲ್ಲೆ, ಕೈ ಕೊಡ್ರಿ," ಎಂದಳು ದುಂಡವ್ವ.

ಅವಳ ಅಂಗೈ ಬೆಚ್ಚಗಿತ್ತು, ಗೆರೆಗಳಲ್ಲಿ ಜೋಳದ ಹಿಟ್ಟು ಕೂತಿತ್ತು. ಏಳು ವರ್ಷದಲ್ಲಿ ಮೊದಲ ಬಾರಿಗೆ ಆ ಹೊತ್ತಿನಲ್ಲಿ ನನ್ನ ಪಾದಗಳು ನೆಲದ ಮೇಲಿದ್ದವು. ಮಣ್ಣು ಬಿಸಿಯಾಗಿತ್ತು ಎಂಬುದು ಆಗ ತಿಳಿಯಿತು. ಕಾಶವ್ವನ ಪಾದ ನೆಟ್ಟಗಾಗಲಿಲ್ಲ. ಆಕೆ ಆಟ ಬಿಟ್ಟು, ಮೊಮ್ಮಗಳ ಕೈ ಹಿಡಿದು ಗೆರೆಯಾಚೆ ಕೂತು ಎಲ್ಲರನ್ನೂ ಬೈಯುವ ಕೆಲಸ ವಹಿಸಿಕೊಂಡಳು. ಅವಳ ಜಾಗ ನನಗೆ ಬಂತು. ಮೊದಮೊದಲು ನಾನು ಸರಪಳಿಗೆ ಕಟ್ಟಿದ ಗಂಟಿನಂತೆ ಎಳೆದಾಡಿಸಿಕೊಂಡೆ. ಆಮೇಲೆ ನನಗೆ ಬರುವ ವಿದ್ಯೆಯನ್ನೇ ಬಳಸಿದೆ. ಊರಿನ ಐದೂ ಓಣಿಗಳ ಆಟಗಾರ್ತಿಯರಲ್ಲಿ ಯಾರು ಯಾವ ಕಾಲು ಮೊದಲು ಇಡುತ್ತಾರೆ, ಯಾರು ಎಷ್ಟನೆಯ ಉಸಿರಿಗೆ ಹಿಂದೆ ತಿರುಗುತ್ತಾರೆ ಎಂದು ನೋಡಿ ಬರೆದಿಟ್ಟೆ. ದುಂಡವ್ವನ ಎಡಗೈಯಲ್ಲಿ ನನ್ನ ಬಲಗೈ ಇರುತ್ತಿತ್ತು. ಎದುರಾಳಿ ತಿರುಗುವ ಮುನ್ನ ನಾನು ಒಮ್ಮೆ ಒತ್ತಿದರೆ ಸರಪಳಿ ಮುಚ್ಚಿಕೊಳ್ಳುತ್ತಿತ್ತು. ವಾರಕ್ಕೆ ನಾಲ್ಕು ದಿನ ಅಭ್ಯಾಸ. ಉಳಿದ ಮೂರು ದಿನ, ಮಳೆಗಾಲದ ಮೂರು ತಿಂಗಳು, ನಾನು ಮತ್ತೆ ಕಚೇರಿಯ ಬಳೆಗೆ ಹೋಗುತ್ತಿದ್ದೆ. ಅದನ್ನು ದೂರಿನಂತೆ ಹೇಳುತ್ತಿಲ್ಲ. ವಾರಕ್ಕೆ ನಾಲ್ಕು ದಿನ ನನಗೆ ಮನೆಯಿತ್ತು.

ಕಳೆದ ಮಾರ್ಚ್ ಎಂಟರಂದು ಚಂಪಾ ಬಂದಳು. ಇಪ್ಪತ್ತಾರು ವರ್ಷದ ಬಸ್ ಕಂಡಕ್ಟರ್, ವರ್ಗವಾಗಿ ಬಂದವಳು. ಹದಿಮೂರನೆಯ ತಾರೀಖು ಅವಳ ಬಸ್ಸು ಹಗುರ ಹೊತ್ತಿಗೆ ಸ್ವಲ್ಪ ಮುಂಚೆ ನಮ್ಮ ಮೈದಾನದ ಎದುರು ನಿಂತಿತು. ಪ್ರಯಾಣಿಕರು ಕೈ ಕೈ ಹಿಡಿದು ಕೂತರು. ಇವಳು ಟಿಕೆಟ್ ಚೀಲ ಹೆಗಲಿಗೇರಿಸಿ ಇಳಿದು ನೇರ ನಮ್ಮ ಸರಪಳಿಯ ಮುಂದೆ ಬಂದು ನಿಂತಳು.

"ಯಾರರ ಒಂದು ಕೈ ಕೊಡ್ರೆವ್ವಾ. ನಾ ಹಾರಿ ಹೋದ್ರ ಬಸ್ಸಿಗೆ ರೈಟ್ ಹೇಳಾವ್ರು ಯಾರು?"

ಎಲ್ಲರೂ ನಕ್ಕರು. ದುಂಡವ್ವ ನಗುತ್ತಲೇ ಎಡಗೈ ಚಾಚಿದಳು. ಆ ಎಡಗೈಯಲ್ಲಿ ಅದುವರೆಗೆ ನನ್ನ ಬಲಗೈ ಇತ್ತು. ಚಂಪಾ ನಡುವೆ ಬಂದು ನಿಂತಳು, ನನ್ನತ್ತ ತನ್ನ ಇನ್ನೊಂದು ಕೈ ನೀಡಿದಳು. ನಾನು ಹಿಡಿದೆ, ಹಿಡಿಯದಿದ್ದರೆ ಏಳುತ್ತಿದ್ದೆ.

ಆಮೇಲಿನದನ್ನು ಕ್ರಮವಾಗಿ ಹೇಳುತ್ತೇನೆ. ಮೂರನೆಯ ವಾರಕ್ಕೆ ಅವಳಿಗೆ 'ರೈಟ್' ಎಂದು ಅಡ್ಡಹೆಸರು ಬಂತು. "ಏ ರೈಟ್, ಬಾ ಇಲ್ಲೆ," "ಏ ರೈಟ್, ನಿನ್ನ ಗಂಟಲಿಗೆ ಬೆಂಕಿ ಹಾಕ." ನನಗೆ ಎರಡು ವರ್ಷದಲ್ಲಿ ಅಡ್ಡಹೆಸರು ಬಂದಿರಲಿಲ್ಲ. ಅಭ್ಯಾಸ ಮುಗಿಸಿ ಗಿರಣಿಗೆ ಚಹಾಕ್ಕೆ ಹೋದರೆ ದುಂಡವ್ವ ನನಗಾಗಿ ಪಕ್ಕದ ಅಂಗಡಿಯಿಂದ ಕುರ್ಚಿ ತರಿಸುತ್ತಿದ್ದಳು, ಸೆರಗಿನಿಂದ ಒರೆಸಿ ಕೊಡುತ್ತಿದ್ದಳು. ಚಂಪಾ ಜೋಳದ ಚೀಲದ ಮೇಲೆ ಕಾಲು ಮಡಚಿ ಕೂತು ದುಂಡವ್ವನ ಬಟ್ಟಲಿನಿಂದಲೇ ಚುರುಮುರಿ ತಿನ್ನುತ್ತಿದ್ದಳು. ಕುರ್ಚಿಯಲ್ಲಿ ಕೂತು ನಾನು ಆ ಚೀಲವನ್ನು ನೋಡುತ್ತಿದ್ದೆ. ರವಿವಾರ ಅಭ್ಯಾಸವಿರದ ದಿನ ಅವಳು ಓಣಿಯಲ್ಲಿ ಯಾರ ಮನೆಯ ಕಟ್ಟೆಯ ಮೇಲೆ ಬೇಕಾದರೂ ಕೂತು ಕೈ ಚಾಚುತ್ತಿದ್ದಳು, ಯಾರಾದರೂ ಹಿಡಿಯುತ್ತಿದ್ದರು. ನಾನು ತಿಳಿದಂತೆ ಮಾರ್ಚ್ ಹದಿಮೂರರ ನಂತರ ಚಂಪಾ ಒಂದು ದಿನವೂ ಬಳೆ ಮುಟ್ಟಲಿಲ್ಲ.

ಆಟವೂ ಚೆನ್ನಾಗಿತ್ತು. ಅದನ್ನು ಬಿಟ್ಟು ಬರೆದರೆ ಅನ್ಯಾಯವಾಗುತ್ತದೆ. ದಿನವಿಡೀ ಊರುಗಳ ಹೆಸರು ಕೂಗಿ ಕೂಗಿ ಅವಳ ಉಸಿರು ನಲವತ್ತೆರಡು ಸೆಕೆಂಡು ನಿಲ್ಲುತ್ತಿತ್ತು. ನಮ್ಮಲ್ಲಿ ಬೇರೆ ಯಾರದೂ ಮೂವತ್ತು ದಾಟುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಫೆಬ್ರುವರಿ ಎರಡರಂದು ಐದು ಓಣಿಗಳ ಪಂದ್ಯದ ಕೊನೆಯ ಆಟ. ಹಿಂದಿನ ವರ್ಷ ನಾನಿನ್ನೂ ಕಲಿಯುತ್ತಿದ್ದೆ, ಹೆಸರು ಕೊಟ್ಟಿರಲಿಲ್ಲ. ಈ ಬಾರಿ ಆಡುವವಳಿದ್ದೆ. ಜನವರಿ ಇಪ್ಪತ್ತೇಳರ ಬೆಳಿಗ್ಗೆ ದುಂಡವ್ವ ಗಿರಣಿಯ ಬಾಗಿಲ ಮೇಲೆ ಸೀಮೆಸುಣ್ಣದಿಂದ ಹೆಸರು ಬರೆದಳು. ಏಳು ಹೆಸರು, ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ಎಂಟನೆಯದು. ಏಳನೆಯ ಹೆಸರು ಚಂಪಾ. ಎಂಟನೆಯದು 'ಪೇಪರ್ ಅಕ್ಕಾರು'. ಎಂಟನೆಯವಳು ಪಂದ್ಯದುದ್ದಕ್ಕೂ ಗೋಡೆಯ ಬಳೆ ಹಿಡಿದಿರಬೇಕು.

ಮರುದಿನದ ಪತ್ರಿಕೆಯಲ್ಲಿ ಒಂದು ಕಾಲಮ್ಮಿನ ಹನ್ನೊಂದು ಸಾಲಿನ ಸುದ್ದಿ ಬಂತು. ಪಂದ್ಯದಲ್ಲಿ ಆಡುವವರಿಗೆ ಊರಿನಲ್ಲಿ ಒಂದು ವರ್ಷ ತುಂಬಿರಬೇಕೆಂಬ ನಿಯಮವಿದೆ. ಗಿರಣಿ ಓಣಿ ತಂಡದ ಚಂಪಾ ಅವರು ಬಂದದ್ದು ಕಳೆದ ಮಾರ್ಚ್ ಎಂಟರಂದು. ಪಂದ್ಯದ ದಿನಕ್ಕೆ ಅವರಿಗೆ ಮುನ್ನೂರ ಮೂವತ್ತೊಂದು ದಿನ ಮಾತ್ರ ಆಗಿರುತ್ತದೆ. ಬರೆದವರ ಹೆಸರಿರಲಿಲ್ಲ. ಅಗತ್ಯವೂ ಇರಲಿಲ್ಲ, ಈ ಊರಿನಲ್ಲಿ ದಿನ ಎಣಿಸುವವಳು ನಾನೊಬ್ಬಳೇ.

ಹತ್ತು ಗಂಟೆಗೆ ದುಂಡವ್ವ ಕಚೇರಿಗೆ ಬಂದಳು. ಗಿರಣಿ ನಿಲ್ಲಿಸಿ ಹಾಗೇ ಬಂದಿದ್ದಳು, ರೆಪ್ಪೆಯ ಮೇಲೆಲ್ಲ ಹಿಟ್ಟು.

"ಇದನ್ನ ಬರದಾಕಿ ನೀನ ಏನು?"

"ಹೌದು. ಅದರಲ್ಲಿ ಸುಳ್ಳೇನಿದೆ ಹೇಳಿ."

"ಸುಳ್ಳಿಲ್ಲ. ಅದಕ್ಕ ನನಗ ಸಿಟ್ಟು. ಸುಳ್ಳಿದ್ರ ನಿನ್ನ ಕೂದಲಾ ಹಿಡದು ಎಳದು ಹೋಗಿಬಿಡ್ತಿದ್ದೆ." ಅವಳು ಮೇಜಿನ ಮೇಲಿದ್ದ ಪತ್ರಿಕೆಯನ್ನು ಅಂಗೈಯಿಂದ ಒಮ್ಮೆ ಬಡಿದಳು. ಅಚ್ಚಿನ ಮೇಲೆ ಹಿಟ್ಟಿನ ಕೈ ಮೂಡಿತು. "ಆಕಿ ಏನ್ ತಿಂದಾಳ ನಿಂದು?"

ನಿಮ್ಮ ಎಡಗೈ, ಎನ್ನಬೇಕೆನಿಸಿತು. ಅವಳು ಹೋದ ಮೇಲೆ ಹೊಳೆಯಿತು, ಎರಡು ವರ್ಷದಲ್ಲಿ ಮೊದಲ ಸಲ ದುಂಡವ್ವ ನನ್ನನ್ನು 'ನೀನು' ಎಂದಿದ್ದಳು. ಬೈಸಿಕೊಂಡ ಆ ಹೊತ್ತಿನಲ್ಲೂ ಒಳಗೆ ಸಣ್ಣದೊಂದು ಸಂತೋಷವಾಯಿತು. ಚಂಪಾಳಿಗೆ ಇದು ದಿನಕ್ಕೆ ಹತ್ತು ಸಲ ಸಿಗುತ್ತದಲ್ಲ ಎಂದು ನೆನಪಾಗಿ ಅದೂ ಆರಿತು.

ಮೂವತ್ತನೆಯ ತಾರೀಖು ಬೆಳಿಗ್ಗೆ ಶಾಲೆಯ ಜಗುಲಿಯಲ್ಲಿ ಪಂದ್ಯದ ಸಮಿತಿ ಸೇರಿತು. ಅಧ್ಯಕ್ಷರು ಚನ್ನಮಲ್ಲಪ್ಪ ಮಾಸ್ತರು, ನಿವೃತ್ತ ಡ್ರಿಲ್ ಮಾಸ್ತರು. ನಮ್ಮ ಎಂಟು ಜನರನ್ನೂ ಕರೆಸಿದ್ದರು. ಕಾಶವ್ವ ಕರೆಯದೆಯೇ ಬಂದಿದ್ದಳು. ಮಾಸ್ತರು ನಿಯಮದ ಹಳೆಯ ಪುಸ್ತಕ ತೆರೆದು, ಕನ್ನಡಕ ಏರಿಸಿ, ಗಟ್ಟಿಯಾಗಿ ಓದಿದರು: "ಆಡುವವರು ಊರವರ ಕೈ ಹಿಡಿದು ಮುನ್ನೂರ ಅರವತ್ತೈದು ಹಗುರ ಹೊತ್ತು ನೆಲದ ಮೇಲೆ ನಿಂತಿರತಕ್ಕದ್ದು. ಬಳೆ ಹಿಡಿದ ದಿನಗಳು ಇದರಲ್ಲಿ ಸೇರುವುದಿಲ್ಲ."

ನಾನು ಬರೆದದ್ದು 'ಊರಿನಲ್ಲಿ ಒಂದು ವರ್ಷ'. ಯಾರೋ ಎಂದೋ ಹೇಳಿದ್ದನ್ನು ನೆನಪಿನಿಂದ ಬರೆದಿದ್ದೆ. ಊರಿನ ಪ್ರತಿಯೊಬ್ಬರ ತಾರೀಖು ನೋಡುವ ನಾನು ಪುಸ್ತಕ ತೆರೆದು ನೋಡಿರಲಿಲ್ಲ. ನನ್ನ ಚೀಲದಲ್ಲಿ ಡೈರಿ ಇತ್ತು. ಅಭ್ಯಾಸದ ದಿನಗಳನ್ನು ನಾನು ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಿದ್ದೆ. ಅವು ಒಟ್ಟು ಮುನ್ನೂರ ಹತ್ತೊಂಬತ್ತು. ಚಂಪಾಳದು ಪಂದ್ಯದ ದಿನಕ್ಕೆ ಮುನ್ನೂರ ಇಪ್ಪತ್ತಾರು. ಒಂಬತ್ತು ವರ್ಷ ಇದ್ದ ನಾನು ಹನ್ನೊಂದು ತಿಂಗಳ ಹಿಂದೆ ಬಂದವಳಿಗಿಂತ ಏಳು ದಿನ ಹಿಂದಿದ್ದೆ.

ಮಾಸ್ತರು ಒಂದೊಂದೇ ಹೆಸರು ಕರೆದು "ಆಗೇತೇನು?" ಎಂದು ಕೇಳುತ್ತಾ ಹೋದರು. ಉತ್ತರವೆಲ್ಲ ದುಂಡವ್ವನದೇ. "ಆಗೇತ್ರಿ." "ಆಗೇತ್ರಿ." ಆರು ಹೆಸರು ಮುಗಿದವು.

"ಪೇಪರ್ ಅಕ್ಕಾರದು? ಅವರು ಆಫೀಸಿನ ಬಳೆ ಹಿಡದು ಜೋತಾಡೂದು ಊರ ಮಂದಿ ಎಲ್ಲಾ ನೋಡೇತಿ."

ನಾನು ಬಾಯಿ ತೆರೆಯುವಷ್ಟರಲ್ಲಿ ದುಂಡವ್ವ, ನನ್ನತ್ತ ನೋಡದೆ, "ಆಗೇತ್ರಿ," ಎಂದಳು.

"ಚಂಪಾಂದು?"

"ಆಗೇತ್ರಿ."

ನಾನು ಕಿವಿಗೊಟ್ಟು ಕೇಳಿದ್ದೆ. ಎರಡೂ ಸುಳ್ಳು. ಎರಡನ್ನೂ ಒಂದೇ ಧ್ವನಿಯಲ್ಲಿ, ಒಂದೇ ವೇಗದಲ್ಲಿ ಹೇಳಿದ್ದಳು. ಅವಳಿಗೆ ಯಾವುದಾದರೊಂದು ಕಷ್ಟವಾಗಿದ್ದರೆ ನನಗೆ ತಿಳಿಯುತ್ತಿತ್ತು.

"ಪೇಪರಿನಾಗ ಹನ್ನೊಂದು ತಿಂಗಳಂತ ಐತಲ್ಲವಾ?" ಎಂದರು ಮಾಸ್ತರು.

ಕಾಶವ್ವ ಬಾಯಿ ಹಾಕಿದಳು: "ಪೇಪರಿನಾಗ ನಿನ್ನಿ ಮಳಿ ಬರತೈತಿ ಅಂತಾನೂ ಇತ್ತು, ಮಾಸ್ತರ. ನಾ ಹಪ್ಪಳಾ ಎಲ್ಲಾ ಒಳಗ ತಂದೆ. ಎಲ್ಲೈತಿ ಮಳಿ?"

ಜಗುಲಿಯೆಲ್ಲ ನಕ್ಕಿತು. ಮಾಸ್ತರು ನಗಲಿಲ್ಲ. ಪುಸ್ತಕ ಮುಚ್ಚಿ ನನ್ನ ಕಡೆ ತಿರುಗಿದರು. "ಅಚ್ಚಾದ ಮಾತಿಗೆ ಅಚ್ಚಾದ ಮಾತ ಉತ್ತರ. ನಿಮ್ಮ ಪೇಪರಿನಾಗ ತಿದ್ದುಪಡಿ ಬಂದ್ರ ಚಂಪಾ ಆಡ್ತಾಳ. ಬರಲಿಲ್ಲಂದ್ರ ಎಂಟನೇದಾವ್ರು ಆಡ್ತಾರ. ನಾಳಿ ಪೇಪರ್ ನೋಡ್ತೇನಿ."

ಎಂಟನೆಯವಳು ನಾನೇ. ಸುಮ್ಮನಿದ್ದರೆ ಸಾಕಿತ್ತು. ಯಾರೂ ಸುಳ್ಳು ಬರೆಯೆಂದು ನನ್ನನ್ನು ಕೇಳಲಿಲ್ಲ, ದುಂಡವ್ವ ಕೂಡ. ಜಗುಲಿ ಇಳಿದು ಎಲ್ಲರೂ ಗಿರಣಿಯ ಕಡೆ ಹೋದರು. ಚಂಪಾ ಹೋಗುವಾಗ ನನ್ನನ್ನು ನೆಟ್ಟಗೆ ನೋಡಿದಳು, ಟಿಕೆಟ್ ತೆಗೆಯದೆ ಕೂತವರನ್ನು ಕಂಡಕ್ಟರ್ ನೋಡುವ ರೀತಿ.

ಮಧ್ಯಾಹ್ನ ಕಚೇರಿಯಲ್ಲಿ ಬಹಳ ಹೊತ್ತು ಕೂತೆ. ನಾನು ಸರಿಯಾದದ್ದನ್ನೇ ಬರೆದು ಗೆದ್ದ ಜಾಗ ಅದು ಎಂದು ಹೇಳಿಕೊಳ್ಳಲು ನೋಡಿದೆ. ಆದರೆ ನಿಯಮದ ಪ್ರಕಾರ ಆ ಜಾಗ ನನ್ನದೂ ಅಲ್ಲ. ಫೆಬ್ರುವರಿ ಎರಡರಂದು ನಾನು ಸರಪಳಿಯಲ್ಲಿ ನಿಂತರೆ ದುಂಡವ್ವ ಹೇಳಿದ ಸುಳ್ಳಿನ ಮೇಲೆ ನಿಂತಿರುತ್ತೇನೆ. ಅದೇ ಸುಳ್ಳನ್ನು ಚಂಪಾಳಿಗೆ ಮಾತ್ರ ಸಿಗದಂತೆ ತಡೆದಿರುತ್ತೇನೆ. ಮೂರೂವರೆಗೆ ನಾಲ್ಕು ಸಾಲು ಬರೆದು ಸಂಪಾದಕರ ಮುಂದಿಟ್ಟೆ. "ಜನವರಿ 28ರ ಸಂಚಿಕೆಯಲ್ಲಿ ಗಿರಣಿ ಓಣಿ ತಂಡದ ಚಂಪಾ ಅವರ ಬಗ್ಗೆ ಪ್ರಕಟವಾದ ಸುದ್ದಿಯಲ್ಲಿ ನಿಯಮವೂ ದಿನಗಳ ಸಂಖ್ಯೆಯೂ ತಪ್ಪಾಗಿದ್ದವು. ಅವರು ನಿಯಮದಂತೆ ಅರ್ಹರಾಗಿದ್ದಾರೆ. ತಪ್ಪಿಗೆ ವಿಷಾದಿಸುತ್ತೇವೆ."

ಸಂಪಾದಕರು ಎರಡು ಸಲ ಓದಿದರು. "ಒಂಬತ್ತು ವರ್ಷದಾಗ ನಿಮ್ಮ ಸುದ್ದಿಗೆ ತಿದ್ದುಪಡಿ ಬಂದಿಲ್ಲ. ಖರೇನ ತಪ್ಪಿತ್ತೇನ್ರಿ?"

"ಇತ್ತು ಸರ್," ಎಂದೆ. ನಿಯಮದ ಮಟ್ಟಿಗೆ ಅದು ನಿಜ. ಉಳಿದದ್ದು ನಾನು ಅಚ್ಚಿಗೆ ಕಳಿಸಿದ ಮೊದಲ ಸುಳ್ಳು.

ಪಂದ್ಯದ ದಿನ ಎದುರಾಳಿಗಳು ಹೂಗಾರ ಓಣಿಯವರು. ಹಗುರ ಹೊತ್ತು ನಾಲ್ಕೂ ಹನ್ನೆರಡಕ್ಕೆ ಶುರುವಾಯಿತು. ಊರೆಲ್ಲ ಕೈ ಕೈ ಹಿಡಿದು ಮೈದಾನದ ಸುತ್ತ ನಿಂತಿತ್ತು. ನಾನು ಶಾಲೆಯ ಗೋಡೆಯ ಮೊದಲ ಬಳೆ ಹಿಡಿದು ತೇಲಿದೆ. ಗಿರಣಿ ಓಣಿಯ ಸರಪಳಿ ನನಗೆ ತಲೆಕೆಳಗಾಗಿ ಕಾಣುತ್ತಿತ್ತು. ದುಂಡವ್ವನ ಎಡಗೈ ಯಾರ ಕೈಯಲ್ಲಿದೆ ಎಂಬುದು ಹೇಗೆ ನೋಡಿದರೂ ಸ್ಪಷ್ಟವಿತ್ತು. ತಿದ್ದುಪಡಿ ಬರೆದ ಮೇಲೆ ಹೊಟ್ಟೆಕಿಚ್ಚು ಇಳಿಯಿತೆಂದು ಹೇಳಿದರೆ ಅದು ಎರಡನೆಯ ಸುಳ್ಳಾಗುತ್ತದೆ. ಚಂಪಾ ಮೊದಲ ದಾಳಿಯಲ್ಲೇ ಇಬ್ಬರನ್ನು ಮುಟ್ಟಿ ಬಂದಳು. ಜನ "ರೈಟ್! ರೈಟ್!" ಎಂದು ಕೂಗಿದರು. ಅವಳ ಉಸಿರು ಒಮ್ಮೆ ತುಂಡಾಗಲಿ ಎಂದುಕೊಂಡೆ.

ಒಂಬತ್ತನೆಯ ನಿಮಿಷಕ್ಕೆ ಹೂಗಾರ ಓಣಿಯವರು ಅವಳನ್ನು ಹಿಡಿದರು. ಅವಳು ದೊಪ್ಪನೆ ಬಿದ್ದಳು, ಔಟ್. ಔಟಾದವರು ಗೋಡೆಗೆ ಬರಬೇಕು. ಕಬಡ್ಡಿ ಕಬಡ್ಡಿ ಎಂದು ಉಳಿದ ಉಸಿರಿನಲ್ಲಿ ಮೈದಾನ ದಾಟಿ ಬಂದಳು. ಗೋಡೆಯಲ್ಲಿ ಇನ್ನೂ ನಾಲ್ಕು ಬಳೆ ಖಾಲಿ ಇದ್ದವು. ಅವಳು ಅವುಗಳತ್ತ ನೋಡಲಿಲ್ಲ.

"ನನಗ ಸಿಟ್ಟಿಲ್ಲಂತ ತಿಳೀಬ್ಯಾಡ್ರಿ ಮತ್ತ," ಎಂದಳು ಏದುತ್ತ. ಕಾಲು ಆಗಲೇ ನೆಲ ಬಿಡುತ್ತಿತ್ತು. "ಕೈ ಕೊಡ್ರಿ."

ಕೊಟ್ಟೆ. ಇಬ್ಬರೂ ಇಳಿದೆವು. ನಾನು ಬಳೆ ಬಿಟ್ಟೆ. ಅವಳ ಅಂಗೈ ಬೆವರಿನಲ್ಲಿ ಒದ್ದೆಯಾಗಿತ್ತು, ಹೆಬ್ಬೆರಳಿನ ಬದಿ ಟಿಕೆಟ್ ಹರಿದು ಹರಿದು ಗಡುಸಾಗಿತ್ತು.

"ಇಷ್ಟ ದಿನಾ ಪಕ್ಕದಾಗ ನಿಂತು ಹೆಣದ ಕೈಯಂಗ ಹಿಡೀತಿದ್ರಿ," ಎಂದಳು. "ಇವತ್ತ ಮುರಿಯೂವಂಗ ಹಿಡದೀರಿ."

ಹೂಗಾರ ಓಣಿಯ ಅತಿ ಚುರುಕಿನ ಆಟಗಾರ್ತಿ ನಮ್ಮ ಅಂಕಣಕ್ಕೆ ನುಗ್ಗಿದ್ದಳು. ಸರಪಳಿಯಲ್ಲಿ ಆರೇ ಕೈ. ದುಂಡವ್ವನ ಎಡಗೈಯನ್ನು ಈಗ ಇನ್ಯಾರೋ ಹಿಡಿದಿದ್ದರು, ಅವರಿಗೆ ಯಾವಾಗ ಒತ್ತಬೇಕೆಂದು ತಿಳಿದಿರಲಿಲ್ಲ. "ಅವಳು ತಿರುಗುವ ಮುಂಚೆ ಬಲಭುಜ ಇಳಿಸ್ತಾಳೆ," ಎಂದೆ. "ಎಂಟನೆಯ ಉಸಿರಿಗೆ. ಈಗ ಆರು."

ನನ್ನ ಧ್ವನಿ ಅಲ್ಲಿಯವರೆಗೆ ಹೋಗುತ್ತಿರಲಿಲ್ಲ. ಚಂಪಾ ಮೈದಾನ ನಡುಗುವಂತೆ ಕೂಗಿದಳು: "ದುಂಡಕ್ಕಾ, ಬಲಭುಜಾ ನೋಡಽ! ಇಳಿಸಿದಳಂದ್ರ ಮುಚ್ಚಽ!"

ಭುಜ ಇಳಿಯಿತು. ಸರಪಳಿ ಮುಚ್ಚಿತು. ಎದುರಾಳಿ ಜೋಳದ ಚೀಲದಂತೆ ಬಿದ್ದಳು. ಊರು ಕೇಕೆ ಹಾಕಿತು. ನಾನೂ ಕೂಗಿದೆ, ಎಷ್ಟು ಕೂಗಿದೆನೆಂದರೆ, ನಮಗೆ ಒಂದು ಪಾಯಿಂಟ್ ಬಂದರೆ ನಮ್ಮಲ್ಲಿ ಔಟಾದವಳೊಬ್ಬಳು ಒಳಗೆ ಹೋಗುತ್ತಾಳೆ ಎಂಬ ನಿಯಮ ನೆನಪಾಗಲು ಒಂದು ಕ್ಷಣ ಹಿಡಿಯಿತು.

"ಏ ರೈಟ್, ಬಾ ಲಗೂನ!" ದುಂಡವ್ವ ಅಂಕಣದಿಂದ ಕರೆದಳು.

ಚಂಪಾ ಎದೆ ತುಂಬ ಉಸಿರು ಎಳೆದುಕೊಂಡು ಹೊರಟಳು. ಅವಳ ಕೈ ನನ್ನ ಹಿಡಿತದಿಂದ ಬರಲಿಲ್ಲ. ತಿರುಗಿ ನೋಡಿದಳು, ನಕ್ಕಳು, ಉಸಿರು ಅರ್ಧ ಖರ್ಚಾಯಿತು.

"ಬಿಡ್ರಿ ಅಕ್ಕಾರ. ಮತ್ತ ಔಟಾಗಿ ಬರ್ತೇನಿ, ಬಿಡ್ರಿ!"

ಬಿಟ್ಟೆ. ಕೇಳಿದ ಕೂಡಲೇ ಬಿಟ್ಟೆನೆಂದು ಬರೆಯಲಾರೆ.